ಬೆಂಗೇರಿಯ ಸೇತುವೆ

ತಪ್ಪು ಹನುಮೇಶನದೇ. ಸೈನ್ಯದ ಇಂಜಿನಿಯರ್ ದಳಕ್ಕೆ ಸೇರಿ ಐದು ತಿಂಗಳಾಗಿತ್ತು. ಓಟ, ಕವಾಯತು, ಹಾಸಿಗೆ ಮಡಚುವುದು ಬಿಟ್ಟರೆ ಇನ್ನೇನೂ ಕಲಿತಿರಲಿಲ್ಲ. ನಾಲ್ಕು ದೇಶಗಳ ಸೈನಿಕರು ಕೂಡಿ ಸೇತುವೆ ಕಟ್ಟುವ ಸಮರಾಭ್ಯಾಸ ನಡೆದಾಗ ಅವನು ಅವರಿಗೆ ಚಹಾ ಹಂಚಿದ್ದ. ಮನೆಗೆ ಫೋನ್ ಮಾಡಿ ಹೇಳಿದ್ದು ಮಾತ್ರ, “ನಾವು ಸೇತುವಿ ಕಟ್ಟಿದ್ವಿ” ಅಂತ.

ಈಗ ರಜೆಗೆ ಬೆಂಗೇರಿಯ ಮನೆಗೆ ಬಂದಿದ್ದ. ತಂಗಿ ಭಾಗ್ಯಾಳನ್ನು ನೋಡಲು ಗರಗದ ಗಂಡಿನವರು ಹನ್ನೊಂದು ಗಂಟೆಗೆ ಬರುವವರಿದ್ದರು. ಅಂದು ಬೆಳಿಗ್ಗೆಯೇ ಯಾರೋ ನೀರಿನ ಪೈಪಿಗೆಂದು ಮನೆಯ ಮುಂದೆ ಎದೆಮಟ್ಟದ ತಗ್ಗು ತೋಡಿ ಹೋಗಿದ್ದರು.

“ಹನುಮೇಶ ಇರೂಮುಂದ ಯಾತರ ಚಿಂತಿ?” ಎಂದಳು ನೆರೆಮನೆಯ ಗೌರಕ್ಕ. “ನಾಕ ದೇಶದವರ ಕೂಡ ಸೇತುವಿ ಕಟ್ಟಾಂವ, ತಂಗಿ ಸಲುವಾಗಿ ಒಂದ ಕಟ್ಟಂಗಿಲ್ಲೇನು?”

ಸೆಂಟ್ರಿಂಗ್ ಕೆಲಸದ ರಿಯಾಜ ಕಾಕಾ ತನ್ನ ಕೆಲಸಕ್ಕೆ ತಡವಾದರೂ ಮೂರು ಉದ್ದನೆಯ ಹಲಗೆ ಹೊತ್ತು ತಂದ. “ಲಗೂ ಕಟ್ಟಪಾ, ಅವರ ಗಾಡಿ ಬರೂ ಹೊತ್ತಾತು.”

ಹನುಮೇಶ ಹಲಗೆಗಳನ್ನು ತಗ್ಗಿನ ಮೇಲೆ ಹಾಸಿ, ಒಂದು ತುದಿಯನ್ನು ಗೇಟಿಗೂ ಇನ್ನೊಂದನ್ನು ಆಚೆ ರಸ್ತೆಬದಿಯ ಲೈಟಿನ ಕಂಬಕ್ಕೂ ಕಟ್ಟಿದ. ಆ ಗಂಟುಗಳು ಹೆಣ್ಣುಮಕ್ಕಳಿಗೆ ಗಂಡಸರು ಹಾಕಿದ ಜಡೆಯಂತಿದ್ದವು.

ಗಂಡಿನ ಸೋದರಮಾವ ಗೋವಿಂದಪ್ಪ ಗಾಡಿಯಿಂದ ಮೊದಲು ಇಳಿದರು. “ಇದನ್ನ ಯಾರು ಕಟ್ಟಿದ್ರಿ?”

“ನಮ್ಮ ಹನುಮೇಶರಿ! ಮಿಲಿಟರಿ ಇಂಜಿನಿಯರ್ ದಳದಾಗ ಅದಾನ!” ಗೌರಕ್ಕ ಕೂಗಿದಳು.

“ಹೌದೇನು? ನಾನೂ ಅದ ದಳದಾಂವ. ಇಪ್ಪತ್ತೆಂಟ ವರ್ಷ ಹೊಸಾ ಹುಡುಗರಿಗೆ ತರಬೇತಿ ಕೊಟ್ಟೇನಿ.”

ಹನುಮೇಶನ ಬಾಯಿ ಒಣಹಿಟ್ಟು ಮುಕ್ಕಿದಂತಾಯಿತು. “ಒಬ್ಬೊಬ್ಬರ ಬರ್ರೀ!” ಎಂದು ಚೀರಿದ.

ಯಾರು ಕೇಳುತ್ತಾರೆ? ಗೋವಿಂದಪ್ಪ ಹಲಗೆಯ ತುದಿಯ ಮೇಲೆ ಕಾಲಿಟ್ಟವರೇ ಅಲ್ಲಿಯೇ ನಿಂತರು.

“ನೀ ಮುಂದ ನಡಿ ತಂಗಿ,” ಎಂದರು ಗಂಡಿನ ತಾಯಿಗೆ.

“ಅಯ್ಯ, ಹಿರಿಯಾರು ನೀವ ನಡೀರಿ ಅಣ್ಣಾ.”

“ಇಲ್ಲಿಲ್ಲ, ನೀನ ನಡಿ.”

ಆಕೆ ನಡುವಿಗೆ ಬರುವಷ್ಟರಲ್ಲಿ ಈಚೆಯಿಂದ ಗೌರಕ್ಕ ಕುಂಕುಮದ ಬಟ್ಟಲು ಹಿಡಿದು ಎದುರುಗೊಳ್ಳಲು ಓಡಿದಳು. ಗಂಡಿನ ತಾಯಿಯ ಹಿಂದೆ ಇನ್ನಿಬ್ಬರು ಬಂದರು. ತಗ್ಗಿನ ನಟ್ಟನಡುವೆ ನಮಸ್ಕಾರಗಳಾದವು, ಹಾದಿಯ ಬಿಸಿಲಿನ ವಿಚಾರಣೆಯಾಯಿತು. ಹಲಗೆ ಹಸಿಬಟ್ಟೆ ಒಣಹಾಕಿದ ಹಗ್ಗದಂತೆ ಜಗ್ಗಿತು. ಭಾಗ್ಯಾಳ ಅತ್ತೆಯಾಗುವವಳು ಈಗ ತಗ್ಗಿನಲ್ಲಿ ಬೀಳುತ್ತಾಳೆಂದು ಹನುಮೇಶ ಕಣ್ಣು ಮುಚ್ಚಿಕೊಂಡ.

ಕಣ್ಣು ತೆರೆದಾಗ ಎಲ್ಲರೂ ದಾಟಿದ್ದರು. ಗೋವಿಂದಪ್ಪ ಮಾತ್ರ ಆಚೆ ಬಗ್ಗಿ ಚಪ್ಪಲಿ ಸರಿಮಾಡಿಕೊಂಡು ಕಡೆಗೆ ಬಂದರು.

ಉಪ್ಪಿಟ್ಟು, ಚಹಾ ಆಯಿತು. ಭಾಗ್ಯಾ ಎಲ್ಲರಿಗೂ ಒಪ್ಪಿಗೆಯಾದಳು. ಹನುಮೇಶ ನಿಟ್ಟುಸಿರು ಬಿಟ್ಟು ಗೋಡೆಗೆ ಆನಿಕೊಳ್ಳುವಷ್ಟರಲ್ಲಿ ಗೋವಿಂದಪ್ಪ ಅವನನ್ನು ಹಿತ್ತಲಿಗೆ ಕರೆದರು.

“ಕಂಬದ ಕಡಿ ಗಂಟು ಬಿಚ್ಚಿ ಹಲಗಿ ಜಾರಾಕತ್ತಿತ್ತಪಾ,” ಎಂದರು ಮೆಲ್ಲಗೆ. “ಅದಕ್ಕ ತುದಿ ಮ್ಯಾಲ ನಿಂತು ಒತ್ತಿ ಹಿಡದಿದ್ದೆ. ಆಮ್ಯಾಲ ಚಪ್ಪಲಿ ನೆವಾ ಮಾಡಿ ಕಟ್ಟಿ ಬಂದೆ. ಅಂಜಬ್ಯಾಡ, ಯಾರ ಮುಂದೂ ಹೇಳಂಗಿಲ್ಲ.”

ಹನುಮೇಶನ ಕಣ್ಣು ತುಂಬಿ ಬಂತು. ಕಾಲಿಗೆ ಬಿದ್ದ. “ನಿಮ್ಮ ಉಪಕಾರ ಹೆಂಗ ತೀರಸ್ಲಿರಿ?”

“ರಜಾ ಎಷ್ಟ ದಿನ ಉಳದಾವು?”

“ಹನ್ನೆರಡರಿ.”

“ಭಾಳ ಛಲೋ ಆತು. ನಾಳೆ ಗರಗಕ್ಕ ಬಂದಬಿಡು. ಮುಂಜಾನಿ ನಾಕಕ್ಕ ಏಳೂದು, ಐದಕ್ಕ ಓಟ, ಆರರಿಂದ ಕತ್ತಲಾಗೂತನಾ ಗಂಟು ಹಾಕೂದು. ಹನ್ನೆರಡೂ ದಿನಾ.” ಗೋವಿಂದಪ್ಪ ಅಕ್ಕರೆಯಿಂದ ಅವನ ಬೆನ್ನು ಸವರಿದರು. “ಬೀಗರ ಮನಿ ಅಂತ ಸಂಕೋಚ ಮಾಡ್ಕೋಬ್ಯಾಡ ಮತ್ತ.”