ಫೋಟೊಗೆ ನಾಲ್ಕನೆಯವರು

ಆ ಹುಣಸೆಹಣ್ಣಿನ ಮೊರ ಎಳ್ಕೊಂಡು ಇಲ್ಲೇ ಕೂತ್ಕೊಳ್ಳಿ. ಕೈ ಬೀಜ ಬಿಡಿಸ್ತಿರಲಿ, ಕಿವಿ ನನ್ನ ಕಡೆ ಇರಲಿ. ನಮ್ಮ ಮನೇಲಿ ಯಾವ ಕೆಲಸವೂ ಒಂದೇ ಸಲಕ್ಕೆ ಆದದ್ದಿಲ್ಲ. ಒಂದು ಫೋಟೊಗೋಸ್ಕರ ಮೂರು ಊರು ಸುತ್ತಿದ್ವಿ!

ನಾವು ಒಡಹುಟ್ಟಿದವರು ಮೂರು ಜನ. ಮುಳಬಾಗಿಲಲ್ಲಿ ಅಕ್ಕ, ಟೇಕಲ್‌ನಲ್ಲಿ ನಾನು, ಮಾಸ್ತೀಲಿ ತಮ್ಮ. ಅಪ್ಪ ಅಮ್ಮನದು ಒಂದು ಫೋಟೊನೂ ಇಲ್ಲ. "ಅವರ ಮುಖ ನನಗೇ ಮರೀತಾ ಇದೆ ಕಣೇ. ನಾವೂ ಹಾಗೆ ಹೋಗಬಾರದು," ಅಂತ ಅಕ್ಕ ಹಟ ಹಿಡಿದಳು. ಸರಿ, ಮೂವರೂ ನಿಲ್ಲೋಣ ಅಂದರೆ ಅದಕ್ಕೂ ಅವಳದೇ ಅಡ್ಡಿ. ಮೂರು ಜನ ಫೋಟೊ ತೆಗೆಸಿಕೊಂಡರೆ ನಡುವೆ ನಿಂತವರಿಗೆ ಆಪತ್ತಂತೆ! ನಾಲ್ಕನೆಯವರು ಯಾರು? ನನ್ನ ಯಜಮಾನರನ್ನ ನಿಲ್ಲಿಸಿದರೆ ತಮ್ಮನ ಹೆಂಡತಿಗೆ ಮುನಿಸು. ಅವಳನ್ನ ನಿಲ್ಲಿಸಿದರೆ ಭಾವನಿಗೆ ಮುನಿಸು. ಕೊನೆಗೆ ನನ್ನ ಅಳಿಯ ಆಗಲಿ ಅಂತಾಯ್ತು.

ಕ್ಯಾಮೆರಾ ಇರೋ ಮೊಬೈಲು ಆಗಷ್ಟೇ ನಮ್ಮ ಕಡೆ ಬಂದಿದ್ದ ಕಾಲ. ಅಳಿಯಂದಿರು ಅದರೊಳಗೆ ಅದೇನೋ ಆಪ್ ಹಾಕಿಸ್ಕೊಂಡು ಬಂದರು. "ಅತ್ತೆ, ಯಾರೂ ಕೈಲಿ ಹಿಡಿಯೋದೇ ಬೇಡ. ಹತ್ತು ಎಣಿಸೋಷ್ಟರಲ್ಲಿ ತಾನೇ ತೆಗೆಯುತ್ತೆ. ನಾನೂ ಓಡಿಬಂದು ನಿಲ್ತೀನಿ."

ಟೇಕಲ್‌ನಲ್ಲಿ ಓಟ

ಮೊಬೈಲನ್ನ ಜಗಲಿ ಮೇಲೆ ಚೊಂಬಿಗೆ ಒರಗಿಸಿ, ಒತ್ತಿ, ಓಡಿದರು. ಅಂಗಳದಲ್ಲಿ ರಾಗಿ ಒಣಗಹಾಕಿದ್ದೆ. "ರಾಗಿ ತುಳೀಬೇಡಿ!" ಅಂತ ಕೂಗಿದೆ. ಪಾಪ, ಒಳ್ಳೇ ಮನುಷ್ಯ, ಸುತ್ತಿಕೊಂಡು ಬಂದರು. ಅಷ್ಟರಲ್ಲಿ ಟಕ್ ಅಂತು. ಫೋಟೊದಲ್ಲಿ ಮೂರೇ ಜನ, ನಡುವೆ ನಾನು.

ಗಾಬರಿಯಾದರೆ ಅಕ್ಕನ ಬಾಯಲ್ಲಿ ತೆಲುಗೇ ಬರೋದು. "ವದ್ದು ವದ್ದು! ಬೇಡ ಬೇಡ! ಮೊದಲು ಅದನ್ನ ಅಳಿಸಿ!"

ಅಳಿಸಿದ ಮೇಲೂ ನನ್ನ ಹಣೆ ಮುಟ್ಟಿ ನೋಡಿದಳು, ಜ್ವರ ಬಂತೇನೋ ಅಂತ.

ಮಾಸ್ತೀಲಿ ಮೂಗು

ಈ ಸಲ ಅಳಿಯಂದಿರು ಓಡಿಬಂದು ಸರಿಯಾಗಿ ನಿಂತರು. ಮೊಬೈಲು ಟಿಕ್ ಟಿಕ್ ಅಂತ ಎಣಿಸ್ತಾ ಇತ್ತು. ನಮ್ಮ ತಮ್ಮ ಇದ್ದಾನಲ್ಲ ಮಹಾನುಭಾವ, "ಯಾರೋ ಫೋನ್ ಮಾಡ್ತಿದಾರೆ" ಅಂತ ಹೋಗಿ ಎತ್ತಿಕೊಂಡು, "ಹಲೋ, ಯಾರ್ರೀ?" ಅಂದ. ಟಕ್!

ಮುಂದೆ ಅವನ ಮೂಗಿನ ಎರಡು ಹೊಳ್ಳೆ, ಹಿಂದೆ ಇಷ್ಟಿಷ್ಟೇ ನಾವು.

"ಮತ್ತೆ ಮೂರೇ ಜನ!" ಅಂತ ಅಕ್ಕ ತಲೆ ಚಚ್ಚಿಕೊಂಡಳು.

"ಮೂಗು ನಂದೇ ಅಲ್ವೇನಕ್ಕಾ? ಲೆಕ್ಕಕ್ಕೆ ಬರಲ್ವಾ?"

"ನಿನ್ನ ಮೂಗನ್ನ ಗೋಡೆಗೆ ಹಾಕಿ ಊದುಬತ್ತಿ ಹಚ್ಚಲೇನ್ಲಾ?"

ಮುಳಬಾಗಿಲಲ್ಲಿ ಕರು

ಅಕ್ಕನ ಅಂಗಳ. ಅಳಿಯಂದಿರಿಗೂ ರೋಸಿಹೋಗಿತ್ತು. ಹತ್ತು ಎಣಿಸಿದಂಗೆಲ್ಲ ಬಿಡದೆ ಒಂದೊಂದು ತೆಗೀತಾ ಇರೋ ಹಾಗೆ ಇಟ್ಟು ಬಂದು ಕೂತರು. ಮೊಬೈಲು ಜಾರೋಕೆ ಶುರುವಾಯ್ತು. ಸರಿಮಾಡೋಕೆ ಎದ್ದು ಹೋದರು. "ಅಯ್ಯೋ ಮೂರು ಜನ! ಮೂರು ಜನ!" ಅಂತ ಅಕ್ಕ ಅರಚಿದಳು. ಆ ಅರಚಾಟಕ್ಕೆ ಬೆದರಿ ಹಗ್ಗ ಬಿಚ್ಚಿಕೊಂಡ ಕರು ನಮ್ಮ ನಡುವೆ ತಲೆ ತೂರಿಸಿತು. ಟಕ್!

ಅಕ್ಕನ ಬಾಯಿ ಹಳ್ಳದಷ್ಟು ತೆರೆದಿದೆ, ನಾನು ಕರುವಿನ ಕಿವಿ ಹಿಡಿದಿದೀನಿ, ತಮ್ಮ ಬಿದ್ದು ಬಿದ್ದು ನಗ್ತಿದಾನೆ.

"ದೊಡ್ಡತ್ತೆ, ನಾಲ್ಕಾಯ್ತು!" ಅಂದರು ಅಳಿಯಂದಿರು.

ಅಕ್ಕ ಕರುವಿನ ಮೂಗಿನ ಹತ್ರ ಕೈ ಹಿಡಿದು ನೋಡಿದಳು. "ಕರುಗೂ ಉಸಿರಿದೆ. ಲೆಕ್ಕಕ್ಕೆ ಬರುತ್ತೆ. ಕಟ್ಟು ಹಾಕಿಸಿ!"

ಕೋಲಾರದ ಸ್ಟುಡಿಯೊ

ಕಟ್ಟು ಹಾಕಿಸಿದ ಫೋಟೊ ತರೋಕೆ ನಾನೂ ಅಕ್ಕನೂ ಹೋದ್ವಿ. ಬಿಚ್ಚಿ ನೋಡಿದರೆ ಕರುನೇ ಇಲ್ಲ! ಸ್ಟುಡಿಯೊದವನು ಹಲ್ಲು ಕಿರಿದ. "ಕರು ಅಡ್ಡ ಬಂದುಬಿಟ್ಟಿತ್ತು ಅಜ್ಜಿ. ಕಂಪ್ಯೂಟರಲ್ಲಿ ತೆಗೆದು ಗೋಡೆ ಮಾಡಿದೀನಿ, ಗೊತ್ತೇ ಆಗಲ್ಲ!"

ಮತ್ತೆ ಮೂರೇ ಜನ, ನಡುವೆ ನಾನು! ಅಕ್ಕ ನೇರ ನಮ್ಮ ಮನೆಗೆ ಬಂದು ನನ್ನ ಪೆಟ್ಟಿಗೆ ತಡಕಿದಳು. ಮದುವೆಗೆ ಮುಂಚೆ ಅಳಿಯಂದಿರ ಮನೆಯವರು ಕಳಿಸಿದ್ದ ಚಿಕ್ಕ ಫೋಟೊ ತೆಗೆದು, ಅನ್ನದ ಅಗುಳು ಹಿಸುಕಿ, ಗಾಜಿನ ಮೇಲೆ ಕರು ಇದ್ದ ಜಾಗಕ್ಕೇ ಅಂಟಿಸಿಬಿಟ್ಟಳು. "ಈಗ ನಾಲ್ಕು!"

ಆಮೇಲೆ ಏನಾಯ್ತು ಅಂತೀರಾ? ಕರು ಹಸುವಾಗಿ ಡೇರಿಗೆ ಹಾಲು ಕೊಡ್ತು. ತಮ್ಮ ಈಗಲೂ ಕುಕ್ಕರ್ ಕೂಗಿದರೂ "ಹಲೋ" ಅಂತಾನೆ. ಅಕ್ಕ ತುಂಬು ಬಾಳು ಬಾಳಿ ಹೋದಳು. ಅವಳ ಮುಖ ನನಗೆ ಮರೆತಿಲ್ಲ, ದಿನಾ ಬೆಳಿಗ್ಗೆ ಗೋಡೆ ಮೇಲಿಂದ ಬಾಯಿ ಬಿಟ್ಟು ಅರಚ್ತಾಳಲ್ಲ! ನಡುವೆ ನಿಂತಿದ್ದ ನಾನು, ನೋಡಿ, ಹುಣಸೆಹಣ್ಣು ಬಿಡಿಸ್ತಾ ಕೂತಿದೀನಿ.

ಅಳಿಯಂದಿರ ಫೋಟೊದ ಅಂಟು ಮಾತ್ರ ನಿಲ್ಲೋದಿಲ್ಲ. ಹಬ್ಬಕ್ಕೆ ಬಂದಾಗೆಲ್ಲ ಮೊದಲು ಅಡುಗೆಮನೆಗೆ ಹೋಗಿ ನಾಲ್ಕು ಅಗುಳು ತಗೊಂಡು, ತಮ್ಮನ್ನ ತಾವೇ ಒತ್ತಿ ಅಂಟಿಸಿಕೊಂಡು, ಆಮೇಲೆ ಊಟಕ್ಕೆ ಕೂರ್ತಾರೆ.