ಮುಟ್ಟಗೊಡದ ಅಳಗುಳಿ ಮಣೆ

2031ನೇ ಇಸವಿ ಮಾರ್ಚ್ 14, ಶುಕ್ರವಾರ, ಬೆಳಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ಸರಿಯಾಗಿ ಹಾಸನದ ಕಲಾಭವನದಲ್ಲಿ ದ್ಯಾವೇಗೌಡರು ಗುಂಡಿ ಒತ್ತಿದರು. ಬಿಳಿ ಗೋಡೆಯ ಮೇಲೆ ಹದಿನಾಲ್ಕು ಅಡಿ ಉದ್ದದ ಅಳಗುಳಿ ಮಣೆಯೊಂದು ಬೆಳಕಿನಲ್ಲಿ ಮೂಡಿತು. ಹದಿನಾಲ್ಕು ಗುಳಿ, ಗುಳಿಗೆ ಐದರಂತೆ ಎಪ್ಪತ್ತು ಹುಣಸೆಬೀಜ. ಒಂದೊಂದು ಬೀಜವೂ ತೆಂಗಿನಕಾಯಿಯಷ್ಟು!

“ನೋಡು ಚಂದ್ರಾ, ಇದು ಬರೀ ಗೇಮಲ್ಲ, ಕಲೆ! ಬೀಜ ಮುಟ್ಟಿದರೆ ಮೊಳಕೆ, ಮೊಳಕೆ ಮುಟ್ಟಿದರೆ ಮರ, ಮರ ಮುಟ್ಟಿದರೆ ಹಕ್ಕಿ. ಒಬ್ಬರು ಆಡಿದ ಚಿತ್ರ ಇನ್ನೊಬ್ಬರಿಗೆ ಬರೋದಿಲ್ಲ!”

ಕಲಾಭವನದ ಉಸ್ತುವಾರಿ ಹೊತ್ತಿದ್ದ ಚಂದ್ರಮತಿ ಗೋಡೆ ನೋಡಲಿಲ್ಲ. ಪಕ್ಕದಲ್ಲಿದ್ದ ಜಂಟಿ ನಿರ್ದೇಶಕಿ ಕೋಮಲಾ ಮೇಡಂ ಮುಖ ನೋಡಿದಳು. ಕಳೆದ ವರ್ಷ ಕಲಾಭವನಕ್ಕೆ ಬಂದವರು ದಿನಕ್ಕೆ ಸರಾಸರಿ ಆರು ಜನ, ಅವರಲ್ಲಿ ಇಬ್ಬರು ಬಸ್ಸು ಬರುವವರೆಗೆ ನೆರಳಿಗೆ ನಿಂತವರು. ಮೇಡಂ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು: ಈವತ್ತು ಸಂಜೆ ಐದರೊಳಗೆ ಇನ್ನೂರು ಜನ ಬರದಿದ್ದರೆ ಸೋಮವಾರದಿಂದ ಈ ಸಭಾಂಗಣ ಸೀರೆ ಮೇಳಕ್ಕೆ!

ಇಂಥ ಹೊತ್ತಿನಲ್ಲಿ ಸೋದರಮಾವನ ಯಂತ್ರವನ್ನು ನಂಬಿದ್ದು ಸರಿಯೇ ಎಂಬ ಅಳುಕು ಅವಳಿಗೆ ಇದ್ದೇ ಇತ್ತು. ದ್ಯಾವೇಗೌಡರು ಮೂವತ್ತು ವರ್ಷ ಭೌತಶಾಸ್ತ್ರ ಪಾಠ ಹೇಳಿ ನಿವೃತ್ತರಾದವರು. ಅವರು ಹಿಂದೆ ಕಂಡುಹಿಡಿದ ತಾನೇ ತಿರುಗುವ ಮುದ್ದೆ ಕೋಲು ಅವರ ಅಡುಗೆಮನೆಯ ಚಾವಣಿಗೆ ಬಳಿದ ರಾಗಿ ಹಿಟ್ಟು ಇನ್ನೂ ಅಲ್ಲೇ ಇದೆ.

“ನಾನು ಇದಕ್ಕೆ ಏನೂ ಹೇಳಿಕೊಟ್ಟಿಲ್ಲ ಮೇಡಂ,” ಗೌಡರು ಬೀಗಿದರು. “ಹದಿನೈದು ದಿನದಿಂದ ನಾಲ್ಕು ಕ್ಯಾಮೆರಾ ತೆರೆದುಕೊಂಡು ಇಲ್ಲೇ ಕೂತು, ಚಿತ್ರದ ಮುಂದೆ ಜನ ಹೇಗೆ ನಡ್ಕೋತಾರೆ ಅಂತ ತಾನೇ ಕಲಿತಿದೆ. ಬೆರಳಿಗೂ ಗೋಡೆಗೂ ಇರೋ ದೂರವನ್ನ ಮಿಲಿಮೀಟರ್ ಲೆಕ್ಕದಲ್ಲಿ ಮೂಲೆಯಲ್ಲಿ ತೋರಿಸುತ್ತೆ. ಎಲ್ಲಿ, ಮುಟ್ಟಿ!”

ಮೇಡಂ ಕೈ ಚಾಚಿದರು. ಎಪ್ಪತ್ತು ಬೀಜಗಳೂ ಬೆಚ್ಚಿ ಗೋಡೆಯ ಆಚೆ ತುದಿಗೆ ಓಡಿದವು! ಪಿರ್‍ರ್ ಎಂದು ಸೀಟಿ ಮೊಳಗಿತು.

“ಏಯ್! ಕೈ ತೆಗೀರಮ್ಮ! ದೂರ ನಿಂತು ನೋಡಿ!”

ಎಲ್ಲರೂ ಬಾಗಿಲ ಕಡೆ ತಿರುಗಿದರು. ಅಲ್ಲಿ ಸ್ಟೂಲಿನ ಮೇಲೆ ಕೂತಿದ್ದ ಕಾವಲುಗಾರ ನಿಂಗಯ್ಯ ಎರಡೂ ಕೈ ಮೇಲೆತ್ತಿದ.

“ನಾನಲ್ಲ ಮೇಡಂ! ದನಿ ನಂದೇ, ಆದ್ರೆ ನಾನಲ್ಲ!”

ಚಂದ್ರಮತಿಗೆ ತಟ್ಟನೆ ಹೊಳೆಯಿತು. ಆ ಹದಿನೈದು ದಿನ ಗೋಡೆಯ ಮುಂದೆ ಇದ್ದವರು ಯಾರು? ಇಪ್ಪತ್ತಾರು ವರ್ಷದಿಂದ ಬಂದವರ ಕೈ ಕಾಯುತ್ತಿದ್ದ ನಿಂಗಯ್ಯ! ಮಾವ ಯಂತ್ರ ಜೋಡಿಸುವಾಗ ಪಕ್ಕದ ‘ಮುಟ್ಟಬೇಡಿ’ ಬೋರ್ಡನ್ನು ತೆಗೆಸಲು ಯಾರಿಗೂ ನೆನಪಾಗಿರಲಿಲ್ಲ. ಅದು ತೂಗುತ್ತಿರುವವರೆಗೆ ನಿಂಗಯ್ಯ ನೊಣವನ್ನೂ ಹತ್ತಿರ ಬಿಟ್ಟವನಲ್ಲ.

“ಅಯ್ಯೋ ಮಾವ, ಯಾರನ್ನ ಗುರು ಮಾಡಿದ್ರಿ!”

“ಇರು, ನಾನು ಹೇಳಿದ್ರೆ ಕೇಳುತ್ತೆ,” ಎಂದು ಗೌಡರು ಹೆಗಲ ಚೀಲದ ಸಮೇತ ಮುಂದೆ ನುಗ್ಗಿದರು. ಮತ್ತೆ ಸೀಟಿ. “ತಲೆ ನೆರೆತಿದೆ, ಬೋರ್ಡ್ ಓದೋಕೆ ಬರಲ್ವಾ? ಆ ಚೀಲ ಮೊದಲು ಹೊರಗಿಡಿ!” ಅಷ್ಟಕ್ಕೇ ಬಿಡದೆ ಗೋಡೆ ಕಪ್ಪಗಾಯಿತು. ಗೌಡರು ಚೀಲ ಹೊರಗಿಟ್ಟು ಬಂದ ಮೇಲೆಯೇ ಮಣೆ ಮೂಡಿದ್ದು!

ಕೋಮಲಾ ಮೇಡಂ ಗಡಿಯಾರ ನೋಡಿದರು. “ನಾಲ್ಕೂವರೆಗೆ ಬರ್ತೀನಿ. ಇನ್ನೂರು, ನೆನಪಿರಲಿ,” ಎಂದು ಹೊರಟುಹೋದರು.

ಮಧ್ಯಾಹ್ನ ಒಂದು ಗಂಟೆಯವರೆಗೆ ಬಂದವರು ಒಂಬತ್ತು ಜನ. ಒಂಬತ್ತೂ ಜನ ಬೈಸಿಕೊಂಡರು. ಒಂದೂಕಾಲಿಗೆ ಮಣೆ ತಾನಾಗಿ ಮಡಿಚಿಕೊಂಡಿತು. ಗೋಡೆಯ ತುಂಬ ಮೂರು ಅಂತಸ್ತಿನ ಊಟದ ಕ್ಯಾರಿಯರ್ ತೆರೆದುಕೊಂಡಿತು. ಹೊಗೆಯಾಡುವ ಮುದ್ದೆ, ಹುರುಳಿ ಸಾರು, ಒಂದು ಈರುಳ್ಳಿ.

“ಅದು ನನ್ನ ಬುತ್ತಿ ಕಣಮ್ಮ!” ನಿಂಗಯ್ಯನ ಕಣ್ಣಲ್ಲಿ ನೀರಾಡಿತು. “ನಮ್ಮ ಮನೆಯೋಳು ಕಟ್ಟೋದು ಹಂಗೇ. ಎಷ್ಟು ಚೆಂದ ಬರೆದೈತೆ!”

“ಚೆಂದ ಇರ್ಲಿ ನಿಂಗಯ್ಯ, ಊಟದ ಹೊತ್ತು ಮುಗಿಯೋ ಎರಡು ಗಂಟೆವರೆಗೆ ಇದೂ ಏಳೋದಿಲ್ಲ ಅಂತ ಅರ್ಥ!” ಚಂದ್ರಮತಿ ತಲೆಯ ಮೇಲೆ ಕೈ ಹೊತ್ತು ಕೂತಳು.

ಎರಡಕ್ಕೆ ಮಣೆ ಎದ್ದಿತು. ಬಿಸಿಲಿಗೆ ಅಂಜಿ ಒಳಬಂದ ಮೂವರು ಕಾಲೇಜು ಹುಡುಗಿಯರಿಗೂ ಮಾಮೂಲಿ ಮಂಗಳಾರತಿಯಾಯಿತು. ಆದರೆ ಅವರಲ್ಲೊಬ್ಬಳು ಹಟಮಾರಿ. ಗೋಡೆ ಗದರುವುದು ಅವಸರದ ಕೈಗೆ ಮಾತ್ರ ತಾನೇ? ಅವಳು ಬೆಕ್ಕು ಹಾಲಿನ ಪಾತ್ರೆಗೆ ಬಂದಂತೆ, ಎತ್ತಲೋ ನೋಡುತ್ತ, ಕೈಯನ್ನು ಇಂಚಿಂಚೇ ಒಯ್ದಳು. ಮೂಲೆಯಲ್ಲಿ ಅಂಕಿ ಇಳಿಯಿತು: ಇನ್ನೂರು, ನೂರೈವತ್ತು, ತೊಂಬತ್ತು. ದಿಕ್ಕು ತೋಚದ ಬೀಜಗಳು ಗಾಬರಿಗೆ ಮೊಳಕೆಯೊಡೆದವು! ಎಂಬತ್ತಕ್ಕೆ ಗೋಡೆಯ ಅರ್ಧಕ್ಕೆ ಹುಣಸೆ ಮರ ಚಿಗುರಿತು. ಎಪ್ಪತ್ತೊಂದಕ್ಕೆ ಅವಳ ಬಳೆ ಕಿಣಿಯೆಂದಿತು. ಪಿರ್‍ರ್! ಮರಕ್ಕೆ ಮರವೇ ಗಿಳಿಗಳಾಗಿ ಹಾರಿಹೋಯಿತು.

“ಲೇ, ಎಪ್ಪತ್ತೊಂದು! ನೀನು ಮಾಡು ನೋಡೋಣ!”

“ಬಳೆ ತೆಗೆದಿಟ್ಟು ಹೋಗೇ!”

ಚಂದ್ರಮತಿ ಯಂತ್ರ ಆರಿಸಲೆಂದು ಸ್ವಿಚ್ಚಿನ ಬಳಿ ಹೋಗಿದ್ದವಳು ಕೈ ಹಿಂದಕ್ಕೆ ತೆಗೆದುಕೊಂಡಳು.

ಹುಡುಗಿಯರು ಫೋನು ಮಾಡಿದರು. ಮೂರು ಗಂಟೆಗೆ ಇಡೀ ಹಾಸ್ಟೆಲ್ ಬಂದಿತು. ಮೂರೂವರೆಗೆ ಬಸ್ ಕಾಯುವವರು ಬಸ್ಸನ್ನೇ ಬಿಟ್ಟು ಬಂದರು, ಅವರನ್ನು ಕರೆಯಲು ಬಂದ ಕಂಡಕ್ಟರೂ ಸಾಲಿನಲ್ಲಿ ನಿಂತ! ಗೋಡೆ ಒಬ್ಬರನ್ನೂ ಬಿಡದೆ ಬೈಯುತ್ತಿತ್ತು. ಬೈಸಿಕೊಂಡವರು ನಗುತ್ತ ಮತ್ತೆ ಸಾಲಿನ ಕೊನೆಗೆ ಓಡುತ್ತಿದ್ದರು. ನಿಂಗಯ್ಯ ಮಾತ್ರ ಸ್ಟೂಲಿನ ಮೇಲೆ ಕಾಲಮೇಲೆ ಕಾಲು ಹಾಕಿ ಕೂತಿದ್ದ. ಇಪ್ಪತ್ತಾರು ವರ್ಷದಲ್ಲಿ ಅವನಿಗೆ ಸಿಕ್ಕ ಮೊದಲ ಬಿಡುವು!

ನಾಲ್ಕೂವರೆಗೆ ಕೋಮಲಾ ಮೇಡಂ ಬಂದರು. ಸಾಲು ಕಂಡು ಹುಬ್ಬೇರಿಸಿದರು.

“ಎಷ್ಟು ಜನ?”

“ಮುನ್ನೂರ ಹನ್ನೆರಡು ಮೇಡಂ.”

“ಅದರಲ್ಲಿ ಮುಟ್ಟಿ ಆಡಿದವರು?”

ಚಂದ್ರಮತಿ ನೆಲ ನೋಡಿದಳು. “ಒಬ್ಬರೂ ಇಲ್ಲ.”

“ಮುಟ್ಟದೆ ಆಡೋದು ಎಂಥ ಆಟ? ಇದನ್ನ ವರದಿಯಲ್ಲಿ ಹೇಗೆ ಬರೆಯೋದು? ಸರೀರಿ ಅತ್ತ, ನಾನು ನೋಡ್ತೀನಿ!”

ಪಿರ್‍ರ್! “ಮತ್ತೆ ನೀವೇನಾ? ಬೆಳಿಗ್ಗೆನೇ ಹೇಳಿರ್ಲಿಲ್ವಾ?”

ಸಾಲಿನವರು ಹೋ ಎಂದು ನಕ್ಕರು. ಮೇಡಂ ಮುಖ ಕೆಂಪಾಯಿತು. ಬಳೆ, ಗಡಿಯಾರ, ಕಡೆಗೆ ಚಪ್ಪಲಿಯನ್ನೂ ಕಳಚಿ ಚಂದ್ರಮತಿಯ ಕೈಗಿತ್ತರು. ಎರಡನೇ ಸಲ ಅರವತ್ತು. ಐದನೇ ಸಲ ಮೂವತ್ತಮೂರು. ಏಳನೇ ಸಲ ಉಸಿರು ಹಿಡಿದರು. ಸಭಾಂಗಣವೂ ಉಸಿರು ಹಿಡಿಯಿತು. ಇಪ್ಪತ್ತು. ಹದಿನಾರು. ಮರದ ತುಂಬ ಹೂ, ಹೂವಿನ ತುಂಬ ದುಂಬಿ, ಚಾವಣಿಯವರೆಗೂ ಹಸಿರು! ಹನ್ನೆರಡು. ಹನ್ನೊಂದು.

ಗಂಟೆ ಐದಾಯಿತು.

“ಟೈಮಾಯ್ತು! ಎಲ್ಲ ಹೊರಡಿ, ಹೊರಡಿ! ಬಾಗಿಲು ಹಾಕ್ಬೇಕು!” ಗೋಡೆ ಕತ್ತಲಾಯಿತು.

“ಇನ್ನರ್ಧ ನಿಮಿಷ ಬಿಟ್ಟಿದ್ದರೆ ಮುಟ್ಟಿಬಿಡ್ತಿದ್ದೆ!” ಮೇಡಂ ಬರಿಗಾಲಲ್ಲೇ ನೆಲ ಒದ್ದರು. ನಿಂಗಯ್ಯ ಬೀಗದ ಕೈ ಗಿಲಿಗಿಲಿಸುತ್ತ ಬಾಗಿಲಲ್ಲಿ ನಿಂತಿದ್ದ. ಮೇಡಂ ಚಪ್ಪಲಿ ಮೆಟ್ಟಿಕೊಂಡು ಹೊಸ್ತಿಲಲ್ಲಿ ತಿರುಗಿದರು.

“ಸೋಮವಾರ ಎಷ್ಟು ಗಂಟೆಗೆ ತೆಗೀತೀರಿ?”

“ಸೋಮವಾರ… ಸೀರೆ ಮೇಳ ಅಲ್ವಾ ಮೇಡಂ?”

“ಸೀರೆ ಮೇಳದಲ್ಲಿ ಏನಮ್ಮ ಮಜಾ? ಅಲ್ಲಿ ಯಾರು ಬೇಕಾದರೂ ಮುಟ್ಟಬಹುದು!”

ದ್ಯಾವೇಗೌಡರು ಇದೆಲ್ಲ ತಾವು ಮೊದಲೇ ಯೋಚಿಸಿದ್ದೇ ಎಂದು ಕಂಡಕ್ಟರಿಗೆ ವಿವರಿಸತೊಡಗಿದರು. ಚಂದ್ರಮತಿ ವರದಿ ಬರೆದಳು. ಬಂದವರು: 312. ಮುಟ್ಟಿದವರು: ಇಲ್ಲ. ಅತಿ ಸಮೀಪ ಹೋದವರು: ಜಂಟಿ ನಿರ್ದೇಶಕರು. ಉಳಿದ ಅಂತರ: 11 ಮಿಲಿಮೀಟರ್.