ತುತ್ತೂರಿಯಣ್ಣನ ಹಲ್ಲಿನ ಭವಿಷ್ಯ

ಎಲ್ಲರ ಭವಿಷ್ಯವನ್ನೂ ದೇವರು ಹಣೆಯ ಮೇಲೆ ಬರೆಯುತ್ತಾನಂತೆ. ತುತ್ತೂರಿಯಣ್ಣನದನ್ನು ಮಾತ್ರ, ಜಾಗ ಸಾಲದೆಯೋ ಏನೋ, ಮುಂದಿನ ನಾಲ್ಕು ಹಲ್ಲುಗಳ ಮೇಲೆ ಬರೆದಿದ್ದ.

ಇಪ್ಪತ್ತು ವರ್ಷಗಳಿಂದ ಬ್ಯಾಂಡಿನ ಮೊದಲ ತುತ್ತೂರಿ ಅವನದು. ಆ ಬ್ಯಾಂಡಿನಲ್ಲಿ ಮೊದಲ ತುತ್ತೂರಿಯವನು ನಡೆಯುವ ಪದ್ಧತಿ ಇರಲಿಲ್ಲ. ಮೈಕು ಕಟ್ಟಿದ ಗಾಡಿಯ ಮೇಲೆ, ಎತ್ತರದ ಕುರ್ಚಿಯಲ್ಲಿ ಕೂತು ಅವನು ಊದಬೇಕು. ಮಿಕ್ಕವರು ಹಿಂದೆ ನಡೆಯಬೇಕು. ಹೀಗಿರುವಾಗ ಅಣ್ಣನಿಗೆ ಸಕ್ಕರೆ ಕಾಯಿಲೆ ಬಂತು. ಅದರ ಬೆನ್ನಿಗೆ ವಸಡಿನ ರೋಗ ಬಂದು, ಆ ನಾಲ್ಕು ಹಲ್ಲುಗಳು ಸಂತೆಯಲ್ಲಿ ನೆಟ್ಟ ಗುಡಾರದ ಗೂಟಗಳಂತೆ ಅಲ್ಲಾಡತೊಡಗಿದವು.

ಮೂರು ತಿಂಗಳ ಹಿಂದೆ ಹಲ್ಲಿನ ಡಾಕ್ಟರಮ್ಮ ವಸಡಿನ ಒಳಗೆಲ್ಲ ಕೆರೆದು ಶುಚಿ ಮಾಡಿದ್ದರು. ಬಳಿಕ ಅವನ ವಯಸ್ಸು, ಸಕ್ಕರೆಯ ಮೂರು ತಿಂಗಳ ಸರಾಸರಿ, ವಸಡು ಹಲ್ಲನ್ನು ಬಿಟ್ಟು ಸರಿದ ಆಳ, ಎಲ್ಲವನ್ನೂ ಕಂಪ್ಯೂಟರಿಗೆ ಉಣಿಸಿದರು. ಇಂಥವರು ನೂರು ಮಂದಿ ಬಂದರೆ ಹನ್ನೆರಡು ಮಂದಿಯ ವಸಡು ಮಾತ್ರ ಗುಣವಾದೀತು ಎಂದು ಅದು ತೇಗಿತು. ಊದುವಾಗ ತುತ್ತೂರಿಯ ಒತ್ತಡವೆಲ್ಲ ಆ ಮುಂದಿನ ಹಲ್ಲುಗಳ ಮೇಲೇ ಬೀಳುವುದರಿಂದ, ಮತ್ತೆ ಪರೀಕ್ಷೆಯಾಗುವವರೆಗೆ ತುತ್ತೂರಿ ಮುಟ್ಟುವಂತಿರಲಿಲ್ಲ.

ಬ್ಯಾಂಡ್ ಮಾಸ್ತರರು ತುತ್ತೂರಿಯನ್ನೂ ಕುರ್ಚಿಯನ್ನೂ ಅಣ್ಣನ ಭಾಮೈದನಿಗೆ ಕೊಟ್ಟರು. ಭಾಮೈದ ಹೊರುತ್ತಿದ್ದ ದೊಡ್ಡ ಡೋಲು ಅಣ್ಣನ ಕೊರಳಿಗೆ ಬಿತ್ತು. ಮೂರು ತಿಂಗಳಾದ ಮೇಲೆ ಹಲ್ಲು ಗಟ್ಟಿಯೆಂದು ಡಾಕ್ಟರಮ್ಮ ಹೇಳಿದರೆ ಅಣ್ಣ ಗಾಡಿಗೆ, ಇಲ್ಲವಾದರೆ ಭಾಮೈದನೇ ಕಾಯಂ ಎಂದು ತೀರ್ಮಾನವಾಯಿತು.

ಆ ದಿನ ಬೆಳಗಾಯಿತು. ಅಣ್ಣ ಮುಖ ತೊಳೆಯುವ ಮೊದಲೇ ನೆರೆಹೊರೆ ಬಾಗಿಲಲ್ಲಿ ನಿಂತಿತ್ತು. ಕಂಪ್ಯೂಟರಿಗೆ ಭವಿಷ್ಯ ಹೇಳುವ ಹಕ್ಕಿದ್ದರೆ ತಮಗಿಲ್ಲವೇ ಎಂಬುದು ಎಲ್ಲರ ವಾದ. ಪಕ್ಕದ ಮನೆಯ ದರ್ಜಿ ಹಲ್ಲನ್ನು ಎರಡು ಬೆರಳಲ್ಲಿ ಹಿಡಿದು ಗುಂಡಿ ಎಳೆದು ನೋಡುವಂತೆ ನೋಡಿ, ಇನ್ನೊಂದು ಹೊಲಿಗೆ ಬೇಕು ಎಂದ. ಕ್ಷೌರಿಕ ತಲೆಯಾಡಿಸಿದ. ಮೂರನೆಯವನು ಬೆರಳು ಚಾಚುವಷ್ಟರಲ್ಲಿ ಅಣ್ಣ ಬಾಯಿಗೆ ಬೀಗ ಹಾಕಿಕೊಂಡ.

ಬ್ಯಾಂಡಿನ ತಾಳದವನು ಮಾತ್ರ ಬಿಡಲಿಲ್ಲ. "ಬಾಯಿ ತೆಗಿ ಅಣ್ಣ, ನಾನೇನು ಹೊರಗಿನವನಾ?"

"ಕಿತ್ತುಕೊಂಡು ಹೋಗೋಕೆ ಬಂದಿದೀಯ. ಡಾಕ್ಟರಿಗೆ ತೋರಿಸೋಕೆ ಒಂದಾದ್ರೂ ಉಳೀಲಿ," ಎಂದಳು ಅಣ್ಣನ ಹೆಂಡತಿ.

ಸಂಜೆ ಶಾಲೆಯೊಂದರ ಕ್ರೀಡಾಕೂಟದ ಮೆರವಣಿಗೆಯಿತ್ತು. ಆದ್ದರಿಂದ ಹನ್ನೊಂದು ಮಂದಿಯೂ ಕೆಂಪು ಕೋಟು, ಜರಿಯ ಟೋಪಿಯಲ್ಲಿ, ವಾದ್ಯಗಳ ಸಮೇತ ಆಸ್ಪತ್ರೆಗೇ ಬಂದಿಳಿದರು. ಅಲ್ಲಿ ಕಾಯುತ್ತಿದ್ದ ರೋಗಿಯೊಬ್ಬರು, ಯಾರಾದರೂ ಹೋಗಿಬಿಟ್ಟರೇ ಎಂದು ಮೆಲ್ಲಗೆ ವಿಚಾರಿಸಿದರು.

ಅಣ್ಣನೂ ಹೆಂಡತಿಯೂ ಒಳಗೆ ಹೋದರು. ಬಾಗಿಲಿಗೆ ತಾಳದವನ ಕಿವಿ ಅಂಟಿತು. ಡಾಕ್ಟರಮ್ಮ ಸಣ್ಣ ಸಲಾಕೆಯನ್ನು ವಸಡಿನ ಸಂದಿಗಿಳಿಸಿ ಅಳೆಯುತ್ತ, ನರ್ಸಿಗೆ ಬರೆದುಕೊಳ್ಳಲು ಹೇಳುತ್ತಿದ್ದರು: "ಮೂರು. ಎರಡು. ಎರಡು. ಮೂರು."

ತಾಳದವನ ಮುಖ ಸಪ್ಪಗಾಯಿತು. ಹಿಂದಿನ ಸಲ ಏಳು, ಎಂಟು ಎಂದು ಕೂಗಿದ್ದನ್ನು ಅವನು ಕಿವಿಯಾರೆ ಕೇಳಿದ್ದ. ಬಾಗಿಲು ಬಿಟ್ಟು ಬ್ಯಾಂಡಿನವರ ಬಳಿಗೆ ಬಂದು, "ಹತ್ತಕ್ಕೆ ಎಂಟು ಬರ್ತಿದ್ದ ಮನುಷ್ಯ. ಎರಡಕ್ಕಿಳಿದ. ಫೇಲು," ಎಂದ.

ಮಾಸ್ತರರು ಟೋಪಿ ತೆಗೆದರು. ಭಾಮೈದ ಕಣ್ಣೊರೆಸಿಕೊಂಡ, ಅದೇ ಕರವಸ್ತ್ರದಲ್ಲಿ ತುತ್ತೂರಿಯನ್ನೂ ಒರೆಸಿ ಹೊಳಪು ಮಾಡಿದ. "ಭಾವನ ಹೆಸರು ಉಳಿಸ್ತೀನಿ," ಎಂದು ನಾಲ್ಕು ಜನರೆದುರು ಮಾತು ಕೊಟ್ಟ. ಉಳಿದವರು ಅಣ್ಣನ ಗುಣಗಾನಕ್ಕೆ ತೊಡಗಿದರು. ಬದುಕಿದ್ದಾಗ ಯಾರ ಬಾಯಲ್ಲೂ ಬಾರದ ಮಾತುಗಳೆಲ್ಲ ಆಗ ಬಂದವು.

ಅಷ್ಟರಲ್ಲಿ ಬಾಗಿಲು ತೆರೆಯಿತು. ಅಣ್ಣ ಮೂವತ್ತೆರಡನ್ನೂ ಕಿಸಿದುಕೊಂಡು ನಿಂತಿದ್ದ. ಹಿಂದೆ ಬಂದ ಡಾಕ್ಟರಮ್ಮ, ಆ ಅಂಕಿ ವಸಡಿನ ಸಂದಿಯ ಆಳವೆಂದೂ, ಕಡಿಮೆಯಾದಷ್ಟೂ ಒಳ್ಳೆಯದೆಂದೂ ವಿವರಿಸಿದರು. ವಸಡಿನಿಂದ ರಕ್ತ ಬರುವುದು ನಿಂತಿದೆ, ಹಲ್ಲು ಬಂಡೆಯಾಗಿದೆ, ಕಂಪ್ಯೂಟರಿನ ಭವಿಷ್ಯ ಮಕಾಡೆ ಬಿದ್ದಿದೆ. ತಾಳದವನು ತನ್ನ ತಾಳದ ಹಿಂದೆ ಮುಖ ಮರೆಸಿಕೊಂಡ.

ಅಣ್ಣ ಭಾಮೈದನ ಕೈಯಿಂದ ತುತ್ತೂರಿ ತೆಗೆದುಕೊಂಡ, ಕಣ್ಣು ಮುಚ್ಚಿ ಮೇಲಿನವನನ್ನು ನೆನೆದ, ಊದಿದ. ಎಂಥ ನಾದ ಅದು. ಹಲ್ಲು ಕೀಳಿಸಿಕೊಳ್ಳಲು ಬಂದಿದ್ದ ಅಜ್ಜಿಯೊಬ್ಬಳು ಮನಸ್ಸು ಬದಲಾಯಿಸಿ ಮನೆಗೆ ಹೊರಟಳು. ಮಾಸ್ತರರ ಕಣ್ಣು ತುಂಬಿತು. "ಇಲ್ಲಿಂದ ಹೊರಗೆ ಹೋಗ್ತಿದ್ದ ಹಾಗೇ ಗಾಡಿ ಹತ್ತಣ್ಣ," ಎಂದರು.

"ಒಂದು ನಿಮಿಷ," ಎಂದರು ಡಾಕ್ಟರಮ್ಮ. "ಸಕ್ಕರೆಯ ಸರಾಸರಿ ಹತ್ತರಿಂದ ಆರೂವರೆಗೆ ಇಳಿದಿದೆ. ವಸಡು ಕೂಡಿಕೊಂಡಿದ್ದೇ ಅದರಿಂದ. ಮಾತ್ರೆ ಹಳೇದೇ. ಬೇರೆ ಏನು ಮಾಡಿದ್ರಿ?"

ಅಣ್ಣ ತಾನು ಮಾಡಿದ ಪ್ರಾರ್ಥನೆ, ಪಥ್ಯ, ಮನೋಬಲಗಳನ್ನು ಒಂದೊಂದಾಗಿ ಎಣಿಸತೊಡಗಿದ.

"ಇವರ ಪಥ್ಯ ನನಗೆ ಗೊತ್ತಿಲ್ವಾ," ಎಂದಳು ಹೆಂಡತಿ. "ಡೋಲು ಹೊತ್ಕೊಂಡು ದಿನಾ ಎರಡು ಗಂಟೆ ನಡೆದ್ರು, ಅಷ್ಟೇ. ಇಪ್ಪತ್ತು ವರ್ಷದಲ್ಲಿ ಈ ಮನುಷ್ಯ ನಡೆದದ್ದನ್ನು ನಾನು ನೋಡಿದ್ದೇ ಈಗ."

ಡಾಕ್ಟರಮ್ಮನ ಕಣ್ಣು ಅರಳಿತು. ಕಂಪ್ಯೂಟರಿನ ಮುಂದೆ ಕೂತು ಹೊಸ ಲೆಕ್ಕ ಹಾಕಿದರು. ಡೋಲು ಮುಂದುವರಿದರೆ ನೂರಕ್ಕೆ ತೊಂಬತ್ತು ಮಂದಿಯ ಹಲ್ಲು ಉಳಿದೀತು. ಮತ್ತೆ ಗಾಡಿ ಹತ್ತಿ, ಸಕ್ಕರೆ ಹಳೆಯ ಮಟ್ಟಕ್ಕೇರಿದರೆ?

"ಹನ್ನೆರಡೇ," ಎಂದರು.

"ತುತ್ತೂರಿ ಹಿಡ್ಕೊಂಡೇ ನಡೀತೀನಿ," ಎಂದ ಅಣ್ಣ.

"ಎದುರಿಗಿರೋ ಅಂಗಡಿಗೂ ಗಾಡೀಲಿ ಹೋಗೋರು ಇವರು," ಎಂದಳು ಹೆಂಡತಿ. "ಮೂರು ದಿನ ನಡೆದಾರು. ನಾಲ್ಕನೇ ದಿನ ಕುರ್ಚಿ ಮೇಲಿರ್ತಾರೆ. ನೀವು ಡೋಲಂತ ಚೀಟೀಲಿ ಬರೆದುಬಿಡಿ ತಾಯಿ."

ಡಾಕ್ಟರಮ್ಮ ಬರೆದರು. ಬೆಳಿಗ್ಗೆ ಒಂದು ಮಾತ್ರೆ, ರಾತ್ರಿ ಒಂದು ಮಾತ್ರೆ, ಸಂಜೆ ಡೋಲು, ಜೀವನಪೂರ್ತಿ. ಮಾಸ್ತರರು ಚೀಟಿಯನ್ನು ಎರಡು ಸಲ ಓದಿ, ಮಡಚಿ, ಕೋಟಿನ ಒಳಜೇಬಿಗೆ ಇಳಿಸಿದರು. ಡಾಕ್ಟರು ಬರೆದದ್ದನ್ನು ಮೀರುವ ಧೈರ್ಯ ತಮಗಿಲ್ಲ ಎಂದರು. ಭಾಮೈದ ಬಹಳ ವಿನಯದಿಂದ ಕೈ ಚಾಚಿದ. ತುತ್ತೂರಿ ಅತ್ತ ಹೋಯಿತು, ಡೋಲು ಇತ್ತ ಬಂತು.

ಬಂಡೆಯಂಥ ಹಲ್ಲು, ಊದುವ ಉಸಿರು, ಎರಡೂ ಇದ್ದವನು ಆ ಸಂಜೆ ಗಾಡಿಯ ಹಿಂದೆ ನಡೆದ. ಅವನ ಡೋಲು ಮೂರು ಬೀದಿಯಾಚೆಯವರಿಗೂ ಕೇಳಿಸಿತಂತೆ. ಕುರ್ಚಿಯ ಮೇಲೆ ಕೂತವನು ಕೆನ್ನೆ ಊದಿಸುತ್ತಿದ್ದುದು ಎಲ್ಲರಿಗೂ ಕಂಡಿತು; ತುತ್ತೂರಿ ಮಾತ್ರ ಯಾರಿಗೂ ಕೇಳಿಸಲಿಲ್ಲ.